ಚೀಟಿಯ ಮದ್ದು, ಅಂಗಡಿಯ ಮದ್ದು

‘ಮದ್ದು’ ಎಂಬ ನಮ್ಮ ಕನ್ನಡದ ಮಾತು ಬಹು ವಿವೇಕದ ಮಾತು. ರೋಗವನ್ನು ಕಳೆಯುವುದೂ ಮದ್ದೇ, ಹಗೆಯವನು ಅನ್ನದಲ್ಲಿ ಬೆರೆಸಿ ಇಡುವುದೂ ಮದ್ದೇ, ಕೋವಿಯೊಳಕ್ಕೆ ತುಂಬುವುದೂ ಮದ್ದೇ. ಒಂದು ಶಬ್ದಕ್ಕೆ ಇಷ್ಟು ದೂರದ ಅರ್ಥಗಳು ಬಂದುದು ಪದಗಳ ಬಡತನದಿಂದಲ್ಲ; ಕಾಯುವ ಪದಾರ್ಥವೇ ಕೊಲ್ಲಲೂ ಬಲ್ಲುದೆಂಬ ಅನುಭವ ಅದರೊಳಗೆ ಅಡಗಿದೆ. ಗ್ರೀಕರ ‘ಫಾರ್ಮಕಾನ್’ ಎಂಬ ಶಬ್ದಕ್ಕೂ ಔಷಧ, ವಿಷ ಎಂಬ ಎರಡೂ ಅರ್ಥಗಳುಂಟು. ಇಂದಿನ ಔಷಧಶಾಸ್ತ್ರದ ‘ಫಾರ್ಮಕಾಲಜಿ’ ಎಂಬ ಹೆಸರು ಹುಟ್ಟಿದುದು ಅದರಿಂದಲೇ.

ವಾಚಕ ಮಹಾಶಯರೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ನಡೆಯುವ ಒಂದು ಸಂಗತಿಯನ್ನು ಕಣ್ಣಮುಂದೆ ತಂದುಕೊಳ್ಳಿ. ತಾತನವರಿಗೆ ಹೃದಯದ ತೊಂದರೆ. ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅದನ್ನು ಅವರು ಹೊತ್ತಿಗೆ ಸರಿಯಾಗಿ ನುಂಗುತ್ತಾರೆ. ಒಂದು ಸಂಜೆ ಮಂಡಿ ನೋಯುತ್ತದೆ. ಮೊಮ್ಮಗನನ್ನು ಕರೆದು, “ಮೂಲೆ ಅಂಗಡಿಯಿಂದ ನೋವಿನ ಮಾತ್ರೆ ಎರಡು ತಾ ಮಗು” ಎನ್ನುತ್ತಾರೆ. ಮಾತ್ರೆ ಬರುತ್ತದೆ, ನೋವು ಇಳಿಯುತ್ತದೆ, ಮರುದಿನವೂ ಬರುತ್ತದೆ. ಮುಂದಿನ ತಿಂಗಳು ಡಾಕ್ಟರು, “ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದರೆ ತಾತನವರು, “ಇಲ್ಲ ಸ್ವಾಮಿ” ಎನ್ನುತ್ತಾರೆ. ಅವರು ಸುಳ್ಳು ಹೇಳಿದವರಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕುವುದು ಅವರ ಎಣಿಕೆಯಲ್ಲಿ ಔಷಧವೇ ಅಲ್ಲ.

ಚೀಟಿಯ ಮದ್ದಿಗೂ ಅಂಗಡಿಯ ಮದ್ದಿಗೂ ಹೊಟ್ಟೆಯೊಳಗೆ ಪರಿಚಯವಾಗುತ್ತದೆ. ಆ ಪರಿಚಯ ಕೆಲವೊಮ್ಮೆ ಸ್ನೇಹವಾಗದೆ ಕಲಹವಾಗುತ್ತದೆ. ಮನುಷ್ಯನು ಈ ಪಾಠವನ್ನು ಹೇಗೆ ಕಲಿತನು, ಏನು ಬೆಲೆ ಕೊಟ್ಟು ಕಲಿತನು ಎಂಬ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ತಾವಾಗಿ ದೋಷವಿಲ್ಲದ ಎರಡು ವಸ್ತುಗಳು ಕೂಡಿದಾಗ ದೋಷವಾಗಬಹುದೆಂಬ ಭಾವನೆ ನಮ್ಮ ವೈದ್ಯಕ್ಕೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ‘ವಿರುದ್ಧಾಹಾರ’ದ ವಿಚಾರ ಬರುತ್ತದೆ. ಹಾಲೂ ಒಳ್ಳೆಯದು, ಮೀನೂ ಒಳ್ಳೆಯದು, ಎರಡೂ ಕೂಡಬಾರದು. ಜೇನುತುಪ್ಪ ತುಪ್ಪಗಳನ್ನು ಸಮಪ್ರಮಾಣದಲ್ಲಿ ಬೆರೆಸಬಾರದು ಎಂಬಂಥ ನಿಯಮಗಳು ಅಲ್ಲಿವೆ. ಒಂದೊಂದು ನಿಯಮವೂ ಇಂದಿನ ಪರೀಕ್ಷೆಗೆ ನಿಲ್ಲುವುದೇ ಎಂಬುದು ಬೇರೆ ಮಾತು. ಆದರೆ ವಸ್ತುವಿನ ಗುಣವನ್ನು ಅದರ ಜೊತೆಗಾರನನ್ನು ನೋಡಿ ಹೇಳಬೇಕೆಂಬ ಸೂತ್ರ ಮಾತ್ರ ಗಟ್ಟಿಯಾದುದು. ಕನ್ನಡದಲ್ಲಿಯೂ ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನೇ ರಚಿಸಿದನು. ಅವನಿಗಿಂತ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಕೀರ್ತಿವರ್ಮನು ದನಗಳ ರೋಗಗಳಿಗಾಗಿ ‘ಗೋವೈದ್ಯ’ವನ್ನು ಬರೆದನು. ಗೋವೈದ್ಯದ ಹೆಸರನ್ನು ನಾನು ಸುಮ್ಮನೆ ಎತ್ತಿದುದಲ್ಲ. ತಾತನವರ ಚೀಟಿಯಲ್ಲಿರುವ ಮಾತ್ರೆಯ ಕಥೆ ಮೊದಲಾಗುವುದು ದನದ ಕೊಟ್ಟಿಗೆಯಲ್ಲಿಯೇ.

೧೯೨೦ರ ಸುಮಾರಿನಲ್ಲಿ ಕೆನಡಾ ದೇಶದಲ್ಲೂ ಅಮೆರಿಕದ ಉತ್ತರ ಬಯಲುಗಳಲ್ಲೂ ದನಗಳಿಗೆ ವಿಚಿತ್ರವಾದ ರೋಗ ಬಂದಿತು. ಕೊಂಬು ಕೊಯ್ದರೆ, ಹೋರಿಗೆ ಬೀಜ ಒಡೆದರೆ, ರಕ್ತ ನಿಲ್ಲುತ್ತಲೇ ಇರಲಿಲ್ಲ. ಗಾಯವೇ ಇಲ್ಲದ ದನಗಳೂ ಒಳಗೇ ರಕ್ತ ಸುರಿದು ಸಾಯುತ್ತಿದ್ದವು. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಇದಕ್ಕೆ ಕಾರಣ ರೋಗಾಣುವಲ್ಲ, ಮೇವು ಎಂದು ತೋರಿಸಿದರು. ಅಲ್ಲಿ ‘ಸ್ವೀಟ್ ಕ್ಲೋವರ್’ ಎಂಬ ಮೇವಿನ ಗಿಡವನ್ನು ಬೆಳೆಯುತ್ತಿದ್ದರು. ನಮ್ಮ ಮೆಂತ್ಯದ ಬಳಗಕ್ಕೆ ಸೇರಿದ, ಒಳ್ಳೆಯ ಸುವಾಸನೆಯ ಗಿಡ ಅದು. ಚೆನ್ನಾಗಿ ಒಣಗಿದ ಮೇವಿನಿಂದ ಕೇಡಿಲ್ಲ. ತೇವ ತಗುಲಿ ಬೂಷ್ಟು ಹಿಡಿದ ಮೇವಿನಿಂದ ಮಾತ್ರ ಕೇಡು. ನಾರ್ತ್ ಡಕೋಟಾದ ರಾಡರಿಕ್ ಎಂಬ ಪಶುವೈದ್ಯರು, ಈ ದನಗಳ ರಕ್ತದಲ್ಲಿ ಹೆಪ್ಪುಗಟ್ಟಲು ಬೇಕಾದ ‘ಪ್ರೋಥ್ರಾಂಬಿನ್’ ಎಂಬ ಅಂಶವೇ ಕುಗ್ಗಿರುವುದೆಂದು ೧೯೩೧ರ ಹೊತ್ತಿಗೆ ಕಂಡುಹಿಡಿದರು.

೧೯೩೩ನೆಯ ಇಸವಿ ಫೆಬ್ರವರಿ ತಿಂಗಳಿನ ಒಂದು ಶನಿವಾರ. ವಿಸ್ಕಾನ್ಸಿನ್ ಸಂಸ್ಥಾನದ ಡೀರ್ ಪಾರ್ಕ್ ಎಂಬ ಊರಿನ ರೈತ ಎಡ್ ಕಾರ್ಲ್‌ಸನ್ ಹಿಮದ ಬಿರುಗಾಳಿಯಲ್ಲಿ ಸುಮಾರು ೧೯೦ ಮೈಲಿ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ನಗರಕ್ಕೆ ಬಂದನು. ಗಾಡಿಯಲ್ಲಿ ಸತ್ತ ಕಡಸು ಒಂದು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಸುಮಾರು ನೂರು ಪೌಂಡು ಕೆಟ್ಟ ಮೇವು. ಸರ್ಕಾರಿ ಪಶುವೈದ್ಯರ ಕಚೇರಿ ಮುಚ್ಚಿತ್ತು. ತೆರೆದಿದ್ದ ಬಾಗಿಲೊಂದು ಕಂಡು ಒಳಹೊಕ್ಕನು. ಅದು ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಶಾಲೆ. ಲಿಂಕ್ ಅವರ ಕೈಯಲ್ಲಿ ಆ ದಿನ ಔಷಧವೇನೂ ಇರಲಿಲ್ಲ. ಮೇವನ್ನು ನಿಲ್ಲಿಸು, ಸಾಧ್ಯವಾದರೆ ಒಳ್ಳೆಯ ದನದ ರಕ್ತವನ್ನು ಕೊಡಿಸು ಎಂದಷ್ಟೇ ಹೇಳಿ ಕಳುಹಬೇಕಾಯಿತು. ಆದರೆ ಆ ಕ್ಯಾನು ಅವರ ಮನಸ್ಸನ್ನು ಬಿಡಲಿಲ್ಲ.

ಆರು ವರ್ಷಗಳ ದುಡಿಮೆಯ ಮೇಲೆ, ೧೯೩೯ರ ಜೂನ್ ತಿಂಗಳಲ್ಲಿ, ಲಿಂಕ್ ಅವರ ಶಿಷ್ಯರು ಕೆಟ್ಟ ಮೇವಿನಿಂದ ಆ ವಿಷವನ್ನು ಶುದ್ಧವಾದ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ‘ಡೈಕುಮರಾಲ್’ ಎಂಬ ಹೆಸರಾಯಿತು. ಗಿಡಕ್ಕೆ ಸುವಾಸನೆ ಕೊಡುವ ‘ಕೂಮರಿನ್’ ಬೂಷ್ಟಿನ ಕೈಯಲ್ಲಿ ಸಿಕ್ಕು ಈ ವಿಷವಾಗಿ ಮಾರ್ಪಡುತ್ತಿತ್ತು. ಅದು ಕೆಲಸ ಮಾಡುವುದು ವಿಟಮಿನ್ ‘ಕೆ’ಯನ್ನು ತಡೆಗಟ್ಟಿ. ದನವನ್ನು ಕೊಂದ ಈ ಗುಣವೇ, ರಕ್ತನಾಳದಲ್ಲಿ ಗರಣೆ ಕಟ್ಟಿ ಸಾಯುವ ಮನುಷ್ಯನನ್ನು ಉಳಿಸಲಾರದೆ? ೧೯೪೧ರಿಂದಲೇ ಆಸ್ಪತ್ರೆಗಳಲ್ಲಿ ಡೈಕುಮರಾಲಿನ ಪ್ರಯೋಗ ನಡೆಯಿತು. ಇದೇ ವಂಶದ ಇನ್ನೊಂದು ಪದಾರ್ಥ ‘ವಾರ್ಫರಿನ್’. ೧೯೪೮ರಲ್ಲಿ ಇಲಿಪಾಷಾಣವಾಗಿ ಪೇಟೆಗೆ ಬಂದ ಇದು ೧೯೫೪ರಲ್ಲಿ ಮನುಷ್ಯರ ಔಷಧವಾಗಿ ಒಪ್ಪಿಗೆ ಪಡೆಯಿತು. ೧೯೫೫ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನು ಕೊಟ್ಟರು. ಇಲಿಯನ್ನು ಕೊಲ್ಲುವುದೂ ಅಧ್ಯಕ್ಷನನ್ನು ಕಾಯುವುದೂ ಒಂದೇ ಮದ್ದು. ಅಳತೆ ಬೇರೆ, ಅಷ್ಟೆ.

ಇನ್ನು ಅಂಗಡಿಯ ಮಾತ್ರೆಯ ಕಡೆಗೆ ಬರೋಣ. ೧೮೯೭ರಲ್ಲಿ ಜರ್ಮನಿಯ ಬೇಯರ್ ಕಾರ್ಖಾನೆಯಲ್ಲಿ ಸಿದ್ಧವಾಗಿ ೧೮೯೯ರಲ್ಲಿ ಹೆಸರು ಪಡೆದ ಆಸ್ಪಿರಿನ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಮನೆಮಾತಾಯಿತು. ತಲೆನೋವಿಗೆ ಅದು, ಮೈಕೈನೋವಿಗೆ ಅದು, ಜ್ವರಕ್ಕೆ ಅದು. ಇಷ್ಟು ಸಾಧುವಾದ ಮಾತ್ರೆಯ ಮೇಲೆ ಯಾರಿಗೆ ತಾನೆ ಅನುಮಾನ ಬಂದೀತು?

ಅನುಮಾನ ಬಂದುದು ಅದೇ ಲಿಂಕ್ ಅವರಿಗೆ. ಡೈಕುಮರಾಲನ್ನು ರಾಸಾಯನಿಕವಾಗಿ ಒಡೆದು ನೋಡಿದಾಗ ಅದರಿಂದ ‘ಸ್ಯಾಲಿಸಿಲಿಕ್ ಆಮ್ಲ’ ಹೊರಬರುತ್ತಿತ್ತು. ಆಸ್ಪಿರಿನ್ನಿನ ತಾಯಿಯೂ ಅದೇ ಆಮ್ಲವಷ್ಟೆ. ಹಾಗಾದರೆ ಇವೆರಡಕ್ಕೂ ಒಳಗೊಳಗೆ ನಂಟಿರಬಹುದೆ? ೧೯೪೩ರಲ್ಲಿ ಅವರು ಮತ್ತು ಅವರ ಸಂಗಡಿಗರು ವಿಟಮಿನ್ ‘ಕೆ’ ಕಡಿಮೆಯಿರುವ ಆಹಾರದ ಮೇಲೆ ಇಟ್ಟಿದ್ದ ಇಲಿಗಳಿಗೆ ಸ್ಯಾಲಿಸಿಲಿಕ್ ಆಮ್ಲವನ್ನು ಕೊಟ್ಟು, ಅವುಗಳ ರಕ್ತದಲ್ಲಿಯೂ ಪ್ರೋಥ್ರಾಂಬಿನ್ ಕುಗ್ಗುವುದೆಂದು ಪ್ರಕಟಿಸಿದರು. ರಕ್ತ ತೆಳುವಾಗಿಸುವ ಮದ್ದನ್ನು ಕಂಡುಹಿಡಿದವರೇ, ಅದರ ಪಕ್ಕದಲ್ಲಿ ತಲೆನೋವಿನ ಮಾತ್ರೆ ಬಂದು ಕೂತರೆ ಅಪಾಯ ಉಂಟೆಂದು ಎಚ್ಚರಿಸಿದರು.

ಇದಕ್ಕೆ ಇನ್ನೊಂದು ಸಾಕ್ಷ್ಯ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಎಂಬಲ್ಲಿನ ಒಬ್ಬ ವೈದ್ಯರಿಂದ ಬಂದಿತು. ಲಾರೆನ್ಸ್ ಕ್ರೇವನ್ ಎಂಬ ಈ ವೈದ್ಯರು ಗಂಟಲಿನ ಟಾನ್ಸಿಲ್ ಗೆಡ್ಡೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಿದ್ದರು. ಆಮೇಲಿನ ನೋವಿಗೆ ರೋಗಿಗಳು ಆಸ್ಪಿರಿನ್ ಬೆರೆಸಿದ ಅಗಿಯುವ ಅಂಟನ್ನು ಅಗಿಯುತ್ತಿದ್ದರು. ಅದನ್ನು ಹೆಚ್ಚಾಗಿ ಅಗಿದವರಿಗೆ ರಕ್ತಸ್ರಾವ ಹೆಚ್ಚಾಗುವುದನ್ನು ಅವರು ಕಂಡರು. ಇದನ್ನು ದೋಷವೆಂದು ಮಾತ್ರ ಬಗೆಯದೆ, ಹೃದಯದ ನಾಳಗಳಲ್ಲಿ ಗರಣೆ ಕಟ್ಟದಂತೆ ತಡೆಯಲು ಆಸ್ಪಿರಿನ್ನನ್ನೇ ಬಳಸಬಹುದೆಂದು ೧೯೫೦ರಲ್ಲಿ ಬರೆದರು. ಆಗ ಯಾರೂ ಹೆಚ್ಚು ಕಿವಿಗೊಡಲಿಲ್ಲ. ಇದರ ಮರ್ಮವನ್ನು ೧೯೭೧ರಲ್ಲಿ ಬಿಡಿಸಿದವರು ಇಂಗ್ಲೆಂಡಿನ ಜಾನ್ ವೇನ್; ಅವರಿಗೆ ೧೯೮೨ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರಕ್ತದಲ್ಲಿರುವ ಸಣ್ಣ ಬಿಲ್ಲೆಯಾಕಾರದ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಾಯದ ಬಾಯನ್ನು ಮುಚ್ಚುತ್ತವೆ. ಆಸ್ಪಿರಿನ್ ಅವುಗಳ ಅಂಟುವ ಶಕ್ತಿಯನ್ನು ಕೆಡಿಸುತ್ತದೆ. ಆ ಕಣ ಬದುಕಿರುವಷ್ಟು ಕಾಲ, ಎಂದರೆ ಎಂಟು ಹತ್ತು ದಿನ, ಅದು ಮತ್ತೆ ಸರಿಹೋಗುವುದಿಲ್ಲ. ಜೊತೆಗೆ ಜಠರದ ಒಳಪೊರೆಯನ್ನೂ ಕೆರಳಿಸುತ್ತದೆ.

ಈಗ ತಾತನವರ ಹೊಟ್ಟೆಯೊಳಗೆ ನಡೆಯುವುದನ್ನು ಕೂಡಿಸಿ ನೋಡಿ. ಒಂದು ಮಾತ್ರೆ ರಕ್ತ ಹೆಪ್ಪುಗಟ್ಟುವ ದ್ರವಾಂಶವನ್ನು ತಗ್ಗಿಸಿದೆ. ಇನ್ನೊಂದು ಮಾತ್ರೆ ಕಣಗಳ ಅಂಟನ್ನು ಕಿತ್ತಿದೆ, ಜಠರದಲ್ಲಿ ಹುಣ್ಣನ್ನೂ ಮಾಡಿದೆ. ಮನೆಗೆ ಕಿಚ್ಚು ಬಿದ್ದಾಗಲೇ ಬಾವಿಯ ಹಗ್ಗ ಹರಿದಂತಾಯಿತು. ಮಲ ಕಪ್ಪಗೆ ಡಾಂಬರಿನಂತೆ ಹೋಗುವುದು, ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಇವು ಅದರ ಮುನ್ಸೂಚನೆಗಳು. ಆಸ್ಪಿರಿನ್ ಒಂದೇ ಅಲ್ಲ, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳೂ ಇದೇ ಪಂಗಡದವು. ಇವುಗಳಿಗಿಂತ ಸಾಧುವೆನಿಸಿದ ಪ್ಯಾರಾಸಿಟಮಾಲ್ ಕೂಡ ಹಲವು ದಿನ ಬಿಡದೆ ಹೆಚ್ಚಾಗಿ ನುಂಗಿದರೆ ವಾರ್ಫರಿನ್ನಿನ ಪ್ರಭಾವವನ್ನು ಏರಿಸಬಹುದೆಂದು ೧೯೯೮ರಲ್ಲಿ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಆದರೆ ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕೆಲವು ರೋಗಿಗಳಿಗೆ ವೈದ್ಯರೇ ಲೆಕ್ಕಹಾಕಿ ಸ್ವಲ್ಪ ಆಸ್ಪಿರಿನ್ನನ್ನೂ ರಕ್ತ ತೆಳುವಾಗಿಸುವ ಮದ್ದನ್ನೂ ಒಟ್ಟಿಗೆ ಕೊಡುವುದುಂಟು. ಅದನ್ನು ಈ ಲೇಖನ ಓದಿ ಯಾರೂ ನಿಲ್ಲಿಸಬಾರದು. ತಿಳಿದು ಕೂಡಿಸುವುದು ಬೇರೆ, ತಿಳಿಯದೆ ಕೂಡುವುದು ಬೇರೆ.

ಚೀಟಿಯ ಮದ್ದು, ಅಂಗಡಿಯ ಮದ್ದು ಎಂಬ ಈ ವಿಂಗಡಣೆಯಾದರೂ ಯಾವಾಗಿನದು? ಅದು ಬಹಳ ಹಳೆಯದಲ್ಲ. ೧೯೩೭ರಲ್ಲಿ ಅಮೆರಿಕದಲ್ಲಿ ‘ಎಲಿಕ್ಸಿರ್ ಸಲ್ಫನಿಲಮೈಡ್’ ಎಂಬ ಸಿಹಿಮದ್ದನ್ನು ವಿಷದ್ರಾವಕದಲ್ಲಿ ಕರಗಿಸಿ ಮಾರಿದುದರಿಂದ ನೂರಕ್ಕೆ ಮೇಲ್ಪಟ್ಟು ಜನರು, ಅವರಲ್ಲಿ ಅನೇಕರು ಮಕ್ಕಳು, ಸತ್ತರು. ಮರುವರ್ಷವೇ ಅಲ್ಲಿ ಬಿಗಿಯಾದ ಕಾಯಿದೆ ಬಂದಿತು. ಯಾವ ಮದ್ದಿಗೆ ಚೀಟಿ ಬೇಕು, ಯಾವುದಕ್ಕೆ ಬೇಡ ಎಂಬ ಗೆರೆಯನ್ನು ಶಾಸನದಲ್ಲಿ ಸ್ಪಷ್ಟವಾಗಿ ಎಳೆದುದು ೧೯೫೧ರಲ್ಲಿ. ಆ ತಿದ್ದುಪಡಿಯನ್ನು ತಂದ ಡರ್‌ಹ್ಯಾಮ್, ಹಂಫ್ರಿ ಎಂಬ ಇಬ್ಬರು ಸದಸ್ಯರೂ ಔಷಧ ಮಾರಾಟದ ಕಸುಬನ್ನು ಬಲ್ಲವರೇ. ನಮ್ಮ ದೇಶದಲ್ಲಿ ೧೯೩೦ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧಗಳ ವಿಚಾರಣಾ ಸಮಿತಿ ನೇಮಕವಾಯಿತು. ಅದರ ಫಲವಾಗಿ ೧೯೪೦ರಲ್ಲಿ ಔಷಧ ಕಾಯಿದೆಯೂ ೧೯೪೫ರಲ್ಲಿ ನಿಯಮಾವಳಿಯೂ ಬಂದವು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು ‘ಎಚ್’ ಎಂಬ ಅನುಸೂಚಿಗೆ ಸೇರಿದವು. ೨೦೧೪ರ ಮಾರ್ಚಿಯಿಂದ ‘ಎಚ್ ಒಂದು’ ಎಂಬ ಇನ್ನೊಂದು ಪಟ್ಟಿಯೂ ಜಾರಿಗೆ ಬಂದಿತು. ಮೊದಲಿಗೆ ೪೬ ಔಷಧಗಳಿದ್ದ ಆ ಪಟ್ಟಿಯ ಮದ್ದನ್ನು ಮಾರಿದವರು ಕೊಂಡವರ ವಿವರವನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು.

ಇವೆಲ್ಲ ಬೇಕಾದ ಕಾಯಿದೆಗಳೇ. ಆದರೆ ಕಾಯಿದೆ ಎಳೆದ ಗೆರೆ ಅಂಗಡಿಯ ಕಟ್ಟೆಯ ಮೇಲಿನ ಗೆರೆ. ಈ ಮದ್ದನ್ನು ಯಾರು, ಯಾರಿಗೆ ಮಾರಬಹುದೆಂಬುದನ್ನು ಅದು ಹೇಳುತ್ತದೆ. ಗಂಟಲಿನಿಂದ ಕೆಳಗೆ ಆ ಗೆರೆಯಿಲ್ಲ. ಚೀಟಿ ಬೇಡವೆಂದರೆ ಒಂಟಿಯಾಗಿ, ಅಳತೆಯಲ್ಲಿ, ಕೆಲವು ದಿನ ಬಳಸಿದರೆ ಭಯವಿಲ್ಲವೆಂದು ಅರ್ಥ; ಯಾವುದರ ಜೊತೆಗಾದರೂ ಬಳಸಬಹುದೆಂದು ಅರ್ಥವಲ್ಲ.

ಈ ಮಾತನ್ನು ಜಗತ್ತಿಗೆ ಮನಗಾಣಿಸಿದ ಇನ್ನೊಂದು ಪ್ರಸಂಗವುಂಟು. ಕ್ಷಯರೋಗಕ್ಕೆಂದು ೧೯೫೦ರ ದಶಕದ ಮೊದಲಲ್ಲಿ ಪರೀಕ್ಷಿಸಿದ ‘ಐಪ್ರೋನಿಯಜಿಡ್’ ಎಂಬ ಮದ್ದು ರೋಗಿಗಳ ಮಂಕನ್ನು ಕಳೆದು ಉಲ್ಲಾಸ ತರುವುದು ಕಂಡುಬಂದಿತು. ಅದರಿಂದ ಮನಸ್ಸಿನ ಖಿನ್ನತೆಗೆ ಕೊಡುವ ಒಂದು ಜಾತಿಯ ಮದ್ದುಗಳೇ ಹುಟ್ಟಿದವು. ಆದರೆ ಇವನ್ನು ಸೇವಿಸುವ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬಂದು, ರಕ್ತದ ಒತ್ತಡ ಏರಿ, ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗುತ್ತಿತ್ತು. ೧೯೬೩ರಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತರುಣ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ‘ಲಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದರು. ಅದನ್ನು ಓದಿ ನಾಟಿಂಗ್‌ಹ್ಯಾಮಿನಿಂದ ಅವರಿಗೊಂದು ಕಾಗದ ಬಂದಿತು. ಬರೆದವರು ರೋವ್ ಎಂಬ ಔಷಧತಜ್ಞರು. ತಮ್ಮ ಪತ್ನಿಗೆ ಈ ಮದ್ದು ನಡೆಯುತ್ತಿದೆ, ಚೀಸನ್ನು ತಿಂದಾಗಲೆಲ್ಲ ಇಂಥ ತಲೆನೋವು ಬರುತ್ತದೆ, ಹಾಲು ಬೆಣ್ಣೆಗಳಿಂದ ಏನೂ ಆಗದು ಎಂದು ಅವರು ತಿಳಿಸಿದ್ದರು.

ಮೊದಲಿಗೆ ಇದು ನಗೆಯ ಮಾತಾಗಿಯೇ ತೋರಿತು. ಔಷಧಕ್ಕೂ ಚೀಸಿಗೂ ಎಲ್ಲಿಯ ಸಂಬಂಧ! ಆದರೆ ಬ್ಲ್ಯಾಕ್‌ವೆಲ್ ಅವರು ಹುಡುಕುತ್ತ ಹೋದಂತೆ ಒಂದೊಂದಾಗಿ ಸಾಕ್ಷ್ಯಗಳು ಸಿಕ್ಕವು. ಹುಳಿಹಿಡಿದು ಹಳತಾದ ಚೀಸಿನಲ್ಲಿ ‘ಟೈರಮಿನ್’ ಎಂಬ ಪದಾರ್ಥವಿರುತ್ತದೆ. ನಮ್ಮ ಕರುಳಿನಲ್ಲೂ ಯಕೃತ್ತಿನಲ್ಲೂ ಇರುವ ಒಂದು ಕಿಣ್ವ ಅದನ್ನು ಒಡನೆಯೇ ನಾಶಮಾಡುತ್ತದೆ. ಖಿನ್ನತೆಯ ಈ ಮದ್ದು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕಾವಲುಗಾರನನ್ನು ಕಟ್ಟಿಹಾಕಿದ ಮೇಲೆ ಕಳ್ಳನಿಗೆ ತಡೆಯೆಲ್ಲಿ?

ಇಷ್ಟರಿಂದಲೇ ಮುಗಿಯಲಿಲ್ಲ. ಟೈರಮಿನ್ನಿನ ಹಾಗೆಯೇ ರಕ್ತದ ಒತ್ತಡವನ್ನು ಏರಿಸುವ ಪದಾರ್ಥಗಳು ಅಂಗಡಿಯಲ್ಲಿ ಯಾರಿಗೆಂದರೆ ಅವರಿಗೆ ಸಿಕ್ಕುವ ಶೀತದ ಮದ್ದುಗಳಲ್ಲಿ ಇದ್ದವು. ಕಟ್ಟಿದ ಮೂಗನ್ನು ಬಿಡಿಸಲೆಂದು ಹಾಕುತ್ತಿದ್ದ ‘ಫಿನೈಲ್‌ಪ್ರೊಪನೊಲಮೈನ್’ ಅವುಗಳಲ್ಲೊಂದು. ಕೆಮ್ಮು ಶೀತಗಳ ಇಂಥ ಮದ್ದುಗಳು ಖಿನ್ನತೆಯ ಆ ಔಷಧದೊಡನೆ ಸೇರಿದರೆ ಅಪಾಯವೆಂದು ೧೯೬೯ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಎಚ್ಚರಿಕೆ ಪ್ರಕಟವಾಯಿತು. ಅಂಗಡಿಯ ಮದ್ದು ಚೀಟಿಯ ಮದ್ದಿನೊಡನೆ ಸೇರಿ ಕೊಲ್ಲಬಹುದೆಂಬ ಮಾತು ಹೀಗೆ ವೈದ್ಯರ ಪಾಠಕ್ಕೆ ಸೇರಿತು. ಇಂದು ಆ ಜಾತಿಯ ಖಿನ್ನತೆಯ ಮದ್ದುಗಳನ್ನು ಕೊಡುವುದು ವಿರಳ. ಆದರೂ ಮೂಗು ಬಿಡಿಸುವ ಮಾತ್ರೆಗಳು ರಕ್ತದೊತ್ತಡದವರಿಗೆ ಇಂದಿಗೂ ಹಿತವಲ್ಲ.

ಸಾಧುವೆಂದು ಹೆಸರಾದ ಮದ್ದು ಸಹವಾಸದಿಂದ ಕ್ರೂರವಾದ ಇನ್ನೊಂದು ಉದಾಹರಣೆ ‘ಟರ್ಫೆನಡೀನ್’. ಸೀನು, ಕಣ್ಣುರಿ, ತುರಿಕೆಗಳಿಗೆ ಕೊಡುತ್ತಿದ್ದ ಈ ಮಾತ್ರೆ ನಿದ್ದೆ ಬರಿಸುವುದಿಲ್ಲವೆಂದು ೧೯೮೦ರ ದಶಕದಲ್ಲಿ ಬಹಳ ಜನಪ್ರಿಯವಾಯಿತು. ಬ್ರಿಟನ್ನಿನಲ್ಲಿ ಚೀಟಿಯಿಲ್ಲದೆಯೇ ಸಿಕ್ಕುತ್ತಿತ್ತು. ಇದರ ಗುಟ್ಟೇನೆಂದರೆ, ನುಂಗಿದ ಟರ್ಫೆನಡೀನನ್ನು ಯಕೃತ್ತು ಮತ್ತು ಕರುಳಿನ ಕಿಣ್ವಗಳು ಪೂರ್ತಿಯಾಗಿ ಇನ್ನೊಂದು ನಿರಪಾಯ ವಸ್ತುವಾಗಿ ಮಾರ್ಪಡಿಸುತ್ತಿದ್ದವು. ರೋಗಿಗೆ ಗುಣ ಕೊಡುತ್ತಿದ್ದುದು ಆ ಎರಡನೆಯ ವಸ್ತುವೇ. ಆದರೆ ಕೀಟೋಕೊನಜೋಲ್ ಎಂಬ ಬೂಷ್ಟುರೋಗದ ಮದ್ದೋ ಎರಿಥ್ರೋಮೈಸಿನ್ ಎಂಬ ಜೀವಿರೋಧಕವೋ ಜೊತೆಗೆ ಸೇರಿದರೆ ಆ ಕಿಣ್ವಗಳು ಮಲಗುತ್ತಿದ್ದವು. ಮಾರ್ಪಡದ ಟರ್ಫೆನಡೀನ್ ರಕ್ತದಲ್ಲಿ ನಿಂತು ಹೃದಯದ ಬಡಿತದ ತಾಳವನ್ನೇ ತಪ್ಪಿಸುತ್ತಿತ್ತು. ಅಮೆರಿಕದಲ್ಲಿ ಹೀಗೆ ಮೂರ್ಛೆಹೋದ ಮಹಿಳೆಯೊಬ್ಬರ ವೃತ್ತಾಂತ ೧೯೯೦ರಲ್ಲಿ ಪ್ರಕಟವಾಯಿತು. ೧೯೯೭ರಲ್ಲಿ ಬ್ರಿಟನ್ ಅದನ್ನು ಚೀಟಿಯ ಮದ್ದಾಗಿ ಬದಲಿಸಿತು. ೧೯೯೮ರಲ್ಲಿ ಅಮೆರಿಕದ ಪೇಟೆಯಿಂದ ಅದು ಹೊರಟುಹೋಯಿತು. ಅದರ ಜಾಗದಲ್ಲಿ, ಮೈಯೊಳಗೆ ಹುಟ್ಟುತ್ತಿದ್ದ ಆ ಎರಡನೆಯ ವಸ್ತುವನ್ನೇ ‘ಫೆಕ್ಸೊಫೆನಡೀನ್’ ಎಂಬ ಹೆಸರಿನಲ್ಲಿ ಮಾಡಿ ಮಾರಿದರು. ಇದೇ ಕಿಣ್ವವನ್ನು ಗ್ರೇಪ್‌ಫ್ರೂಟ್ ಹಣ್ಣಿನ ರಸವೂ ತಡೆಯುವುದೆಂದು ಕೆನಡಾದ ಡೇವಿಡ್ ಬೇಯ್ಲಿ ಅವರು ಅದೇ ಕಾಲದಲ್ಲಿ ಕಂಡುಹಿಡಿದಿದ್ದರು. ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತದ ಸಂತಾನ. ದೇವನಹಳ್ಳಿಯ ಚಕ್ಕೋತವನ್ನು ಸವಿಯುವವರು ಹೃದಯದ, ಕೊಬ್ಬಿನ ಅಥವಾ ಅಂಗಕಸಿಯ ಮದ್ದು ನುಂಗುತ್ತಿದ್ದರೆ ವೈದ್ಯರನ್ನು ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

“ನಮ್ಮದು ಗಿಡಮೂಲಿಕೆ, ಅದರಿಂದೇನೂ ಆಗದು” ಎನ್ನುವವರು ಬಹಳ ಮಂದಿ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಐರೋಪ್ಯ ದೇಶಗಳಲ್ಲಿ ‘ಸೇಂಟ್ ಜಾನ್ಸ್ ವರ್ಟ್’ ಎಂಬ ಹಳದಿ ಹೂವಿನ ಮೂಲಿಕೆಯನ್ನು ಮನಸ್ಸಿನ ಬೇಸರಕ್ಕೆ ಬಹುಕಾಲದಿಂದ ಸೇವಿಸುತ್ತಾರೆ. ೨೦೦೦ದ ಫೆಬ್ರವರಿಯಲ್ಲಿ ‘ಲಾನ್ಸೆಟ್’ ಪತ್ರಿಕೆ ಇದನ್ನು ಕುರಿತು ಎರಡು ವರದಿಗಳನ್ನು ಅಚ್ಚುಮಾಡಿತು. ಒಂದರಲ್ಲಿ ಏಡ್ಸ್ ರೋಗದ ‘ಇಂಡಿನಾವಿರ್’ ಎಂಬ ಮದ್ದಿನ ಮಟ್ಟ ಈ ಮೂಲಿಕೆಯಿಂದ ಅರ್ಧಕ್ಕಿಂತ ಕೆಳಗಿಳಿದಿತ್ತು. ಇನ್ನೊಂದರಲ್ಲಿ, ಜೂರಿಚ್ ನಗರದಲ್ಲಿ ಬೇರೆಯವರ ಹೃದಯವನ್ನು ಕಸಿಮಾಡಿಸಿಕೊಂಡಿದ್ದ ಇಬ್ಬರ ದೇಹ ಆ ಹೃದಯವನ್ನು ತಿರಸ್ಕರಿಸತೊಡಗಿತ್ತು. ಇಲ್ಲಿ ಮೂಲಿಕೆ ಕಿಣ್ವವನ್ನು ಕಟ್ಟಿಹಾಕಲಿಲ್ಲ, ಅದನ್ನು ಹುರಿದುಂಬಿಸಿತು. ಹುರುಪುಗೊಂಡ ಕಿಣ್ವ ಚೀಟಿಯ ಮದ್ದನ್ನು ಬೇಗಬೇಗನೆ ಸುಟ್ಟುಹಾಕಿತು. ಅತಿಯಾದರೂ ಕೇಡು, ಇಲ್ಲದಾದರೂ ಕೇಡು ಎಂಬುದಕ್ಕೆ ಇದೇ ನಿದರ್ಶನ. ನಮ್ಮಲ್ಲಿ ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಅತಿಮಧುರವನ್ನೇ ನೋಡಿ. ದಿನದಿನವೂ ಹೆಚ್ಚಾಗಿ ಸೇವಿಸಿದರೆ ಅದು ಮೈಯ ಪೊಟ್ಯಾಸಿಯಂ ಅಂಶವನ್ನು ಇಳಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಹೃದಯಕ್ಕೆ ಡಿಜಾಕ್ಸಿನನ್ನೂ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರಿಗೆ ಇದು ಕಂಟಕ.

ಮದ್ದನ್ನು ವಿಷಮಾಡುವುದು ಒಂದು ಬಗೆಯಾದರೆ, ಮದ್ದನ್ನು ಮಣ್ಣುಮಾಡುವುದು ಇನ್ನೊಂದು. ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೀರ್ತಿವೆತ್ತ ಯಲ್ಲಾಪ್ರಗಡ ಸುಬ್ಬರಾವ್ ಅವರು ಲೆಡರ್ಲೆ ಸಂಸ್ಥೆಯ ಸಂಶೋಧನೆಯನ್ನು ನಡೆಸುತ್ತಿದ್ದಾಗ ಅಲ್ಲಿ ‘ಆರಿಯೊಮೈಸಿನ್’ ಎಂಬ ಜೀವಿರೋಧಕ ಹೊರಬಂದಿತು. ಲೋಕಕ್ಕೆ ಅದರ ಪರಿಚಯವಾದುದು ೧೯೪೮ರಲ್ಲಿ. ಅದು ಹೊಟ್ಟೆ ತೊಳಸುತ್ತಿದ್ದುದರಿಂದ ಜೊತೆಗೆ ಅಲ್ಯೂಮಿನಿಯಂ ಬೆರೆತ ಹುಳಿತೇಗಿನ ಮದ್ದನ್ನು ಕೊಡುವ ಪದ್ಧತಿಯಾಯಿತು. ತೊಳಸುವುದು ನಿಂತಿತು, ಆದರೆ ಔಷಧ ರಕ್ತಕ್ಕೆ ಸೇರುವುದೂ ಕುಗ್ಗಿತೆಂದು ೧೯೫೦ರಲ್ಲಿಯೇ ಕಂಡುಬಂದಿತು. ಆ ಲೋಹ ಔಷಧವನ್ನು ಹಿಡಿದುಕೊಂಡು ಕರುಳಿನಲ್ಲಿಯೇ ಉಳಿಸುತ್ತಿತ್ತು. ಇಂದು ನಮ್ಮ ಮನೆಗಳಲ್ಲಿ ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ನುಂಗಿ, ಕೂಡಲೇ ಕಬ್ಬಿಣದ ಅಥವಾ ಸುಣ್ಣದಂಶದ ಮಾತ್ರೆಯನ್ನು ನುಂಗುವ ತಾಯಂದಿರಿಗೆ ಆಗುವುದೂ ಇದೇ. ಇವುಗಳ ನಡುವೆ ನಾಲ್ಕು ಗಂಟೆಯ ಅಂತರ ಬಿಟ್ಟರೆ ಜಗಳವೇ ಇಲ್ಲ.

ಈ ಇತಿಹಾಸದಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಿರಬೇಕು. ಹಿಮದಲ್ಲಿ ರಕ್ತದ ಕ್ಯಾನನ್ನು ಹೊತ್ತು ತಂದವನು ರೈತ. ಪತ್ನಿಯ ತಲೆನೋವನ್ನೂ ಊಟವನ್ನೂ ಒಟ್ಟಿಗೆ ನೋಡಿದವರು ಗಂಡ. ಅಗಿಯುವ ಅಂಟಿನ ಮೇಲೆ ಕಣ್ಣಿಟ್ಟವರು ಸಾಮಾನ್ಯ ವೈದ್ಯರು. ಪ್ರಯೋಗಶಾಲೆ ಕಾರಣವನ್ನು ಹೇಳಿತು, ನಿಜ. ಆದರೆ ಮೊದಲ ಸಾಕ್ಷಿ ನಿಂತುದು ಮನೆಯಲ್ಲಿ. ಚೀಟಿಯನ್ನು ಬರೆದ ಡಾಕ್ಟರಿಗೆ ಅಂಗಡಿಯ ಮಾತ್ರೆ ಕಾಣದು. ಅಂಗಡಿಯವರಿಗೆ ಎಲ್ಲ ಚೀಟಿಗಳೂ ಕಾಣವು. ಎರಡನ್ನೂ ಕಾಣುವ ಕಣ್ಣು ಮನೆಯವರದು ಮಾತ್ರ. ನಮ್ಮ ದೇಶದಲ್ಲಿ ೨೦೧೦ರಲ್ಲಿ ಆರಂಭವಾದ ಔಷಧ ಜಾಗರೂಕತಾ ಕಾರ್ಯಕ್ರಮದಲ್ಲಿ ಮದ್ದಿನಿಂದಾದ ತೊಂದರೆಯನ್ನು ವೈದ್ಯರಷ್ಟೇ ಅಲ್ಲದೆ ರೋಗಿಗಳೂ ತಿಳಿಸಲು ಅವಕಾಶವಿಟ್ಟಿರುವುದು ಇದರಿಂದಲೇ.

ಆದುದರಿಂದ, ವಾಚಕರೇ, ಒಂದು ಸಣ್ಣ ಕೆಲಸವನ್ನು ಈ ದಿನವೇ ಮಾಡಿ. ಒಂದು ಕಾಗದವನ್ನು ತೆಗೆದುಕೊಂಡು ಮನೆಯ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. ಚೀಟಿಯ ಮಾತ್ರೆಗಳನ್ನು ಮೊದಲು ಬರೆಯಿರಿ. ಅದರ ಕೆಳಗೆ ಅಂಗಡಿಯ ನೋವಿನ ಮಾತ್ರೆ, ಶೀತದ ಮಾತ್ರೆ, ಹುಳಿತೇಗಿನ ಮದ್ದು, ಲೇಹ್ಯ, ಕಷಾಯ, ಮೈಗೆ ತಿಕ್ಕುವ ತೈಲ ಎಲ್ಲವನ್ನೂ, “ಅದೇನು ಔಷಧವೇ?” ಎಂದು ಅವರು ನಕ್ಕರೂ, ಬಿಡದೆ ಬರೆಯಿರಿ. ಮಾತ್ರೆಯ ಪಟ್ಟಿಯ ಮೇಲೆ ಮಾರಾಟದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಮೂಲ ಔಷಧದ ಹೆಸರಿರುತ್ತದೆ. ಅದನ್ನು ಬರೆದುಕೊಳ್ಳುವುದು ಮುಖ್ಯ. ಹೆಸರು ಎರಡಾದರೂ ಮದ್ದು ಒಂದೇ ಆಗಿರುವುದು ಆಗ ತಿಳಿಯುತ್ತದೆ. ಆ ಕಾಗದವನ್ನು ಚೀಟಿಯೊಡನೆ ಮಡಿಸಿಟ್ಟು, ಡಾಕ್ಟರ ಬಳಿಗೆ ಹೋದಾಗಲೂ ಅಂಗಡಿಗೆ ಹೋದಾಗಲೂ ತೋರಿಸಿ. ನೀವಾಗಿ ಯಾವ ಮದ್ದನ್ನೂ ನಿಲ್ಲಿಸಬೇಡಿ, ನೀವಾಗಿ ಯಾವುದನ್ನೂ ಸೇರಿಸಬೇಡಿ, ಕೇಳಿ.

ಮುಂದಿನ ಸಲ ತಾತನವರು, “ಎರಡು ಮಾತ್ರೆ ತಾ ಮಗು” ಎಂದಾಗ ಮೊಮ್ಮಗನು, “ನಿಮ್ಮ ಕಾಗದ ಕೊಡಿ ತಾತ, ಅಂಗಡಿಯವರಿಗೆ ತೋರಿಸಿ ತರುತ್ತೇನೆ” ಎನ್ನಲಿ. ಕಾರ್ಲ್‌ಸನ್ ೧೯೦ ಮೈಲಿ ಹೋದನು. ನಮ್ಮ ಹುಡುಗ ಹೋಗಬೇಕಾದುದು ಬೀದಿಯ ಮೂಲೆಯವರೆಗೆ ಮಾತ್ರ.